ಸ್ಪೇರ್ ಬೈಕ್ ಟೈರ್ ಮನೆಯಲ್ಲಿ ಎಲ್ಲಿಡೋದು? ಟೆರೇಸ್, ಸಜ್ಜ, ಮೆಟ್ಟಿಲ ಕೆಳಗೆ, ಮಂಚದ ಕೆಳಗೆ

ನನ್ನ ಹಿಂದಿನ ಬೈಕಿಗೆ ಅಂತ ತಂದಿದ್ದ ಒಂದು ಟೈರನ್ನು ಎರಡು ಬೇಸಿಗೆ ಟೆರೇಸ್ ಮೇಲಿನ ಶೀಟ್ ರೂಮಿನಲ್ಲಿ ಮೊಳೆಗೆ ನೇತುಹಾಕಿದ್ದೆ. ಹೊಸ ಟೈರ್. ಒಂದು ಕಿಲೋಮೀಟರ್ ಕೂಡ ಓಡಿರಲಿಲ್ಲ. ಮೇಲಿನ ಸಣ್ಣ ಸಣ್ಣ ರಬ್ಬರ್ ಕೂದಲುಗಳೂ ಹಾಗೇ ಇದ್ದವು. ಕೆಳಗಿಳಿಸಿ ಪಂಕ್ಚರ್ ಅಂಗಡಿಗೆ ತೆಗೆದುಕೊಂಡು ಹೋದೆ. ಅಲ್ಲಿಯ ಹುಡುಗ ಟೈರನ್ನು ಎರಡೂ ಕೈಯಲ್ಲಿ ಹಿಡಿದು, ಮೊಳೆ ತಾಗಿದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಬಾಗಿಸಿದ. ಸೈಡಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಸಾಲಾಗಿ ಬಾಯಿ ಬಿಟ್ಟವು. "ಇದನ್ನ ಹಾಕ್ಬೇಡಿ ಅಣ್ಣ" ಅಂದ. ಅಷ್ಟೇ. ಆ ಟೈರ್ ಕೊನೆಗೆ ಊರಿನ ತೋಟದಲ್ಲಿ ಪಂಪ್‌ಸೆಟ್ ಪೈಪಿಗೆ ಒತ್ತು ಕೊಡಲು ಹೋಯಿತು.

ಅವತ್ತಿನಿಂದ ಈ ವಿಷಯವನ್ನು ಸ್ವಲ್ಪ ಗಮನ ಕೊಟ್ಟು ನೋಡುತ್ತಾ ಬಂದಿದ್ದೇನೆ. ಈಗಿರುವ ಬೈಕ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಅದರ ಮುಂದಿನ ಟೈರ್ 90/90-21, ಹಿಂದಿನದು 120/90-17. ಮೊದಲ ಅಂಕಿ ಮಿಲಿಮೀಟರಿನಲ್ಲಿ ಟೈರಿನ ಅಗಲ, ಕೊನೆಯದು ಇಂಚಿನಲ್ಲಿ ರಿಮ್ ಅಳತೆ. ಸ್ಪ್ಲೆಂಡರ್ ಟೈರ್, ಆಕ್ಟಿವಾ ಟೈರ್ ಯಾವ ಊರಿನ ಅಂಗಡಿಗೆ ಹೋದರೂ ಸಿಗುತ್ತವೆ. ಇಪ್ಪತ್ತೊಂದು ಇಂಚಿನದು ಕೇಳಿದರೆ "ಆರ್ಡರ್ ಹಾಕಬೇಕು" ಅನ್ನುವವರೇ ಜಾಸ್ತಿ. ಹಾಗಾಗಿ ಹಳೆಯದು ಪೂರ್ತಿ ಸವೆಯುವ ಮೊದಲೇ ಹೊಸ ಜೊತೆ ತಂದಿಟ್ಟುಕೊಳ್ಳುವ ಅಭ್ಯಾಸ. ಲಡಾಖ್ ಕಡೆ ಹೊರಡುವವರು, ಆಫರ್‌ನಲ್ಲಿ ಸಿಕ್ಕಿತು ಅಂತ ಕೊಂಡವರು, ಕಂಪನಿಯಿಂದ ಬಂದ ಟೈರ್ ಬಿಚ್ಚಿಸಿ ಬೇರೆ ಹಾಕಿಸಿ ಹಳೆಯದನ್ನು ಎತ್ತಿಟ್ಟವರು, ಎಲ್ಲರ ಮನೆಯಲ್ಲೂ ಇದೇ ಪ್ರಶ್ನೆ. ಇದನ್ನು ಎಲ್ಲಿಡೋದು?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಧ್ಯಾಹ್ನ ಮೂರು ಗಂಟೆಗೆ ಆ ಜಾಗಕ್ಕೆ ಹೋಗಿ ಗೋಡೆ ಮುಟ್ಟಿ ನೋಡಿ. ತಣ್ಣಗಿದ್ದರೆ ಅಲ್ಲಿಡಿ. ಬೆಚ್ಚಗಿದ್ದರೆ ಬೇಡ. ಯಾವ ಕವರ್ ಹಾಕಿದಿರಿ, ಹೇಗೆ ನಿಲ್ಲಿಸಿದಿರಿ ಅನ್ನುವುದೆಲ್ಲ ಅದರ ನಂತರದ ಮಾತು. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಜಾಡಿಗೆ ಒಂದು ಮೂಲೆ ಇರುತ್ತದೆ ಅಲ್ವಾ? ಕತ್ತಲು, ತಂಪು, ಒಣ, ಯಾರೂ ಪದೇಪದೇ ಕೈಹಾಕದ ಜಾಗ. ಟೈರಿಗೂ ಅಂಥದ್ದೇ ಬೇಕು.

ಟೈರ್ ಸುಮ್ನೆ ಇಟ್ಟರೂ ಯಾಕೆ ಹಾಳಾಗುತ್ತದೆ

ಓಡಿದರೆ ಮಾತ್ರ ಸವೆಯುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ರಬ್ಬರ್ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ನಿಧಾನಕ್ಕೆ ಗಡುಸಾಗುತ್ತಾ ಹೋಗುತ್ತದೆ. ಬಿಸಿ ಹೆಚ್ಚಾದಷ್ಟೂ ಈ ಕೆಲಸ ಜೋರು. ಹತ್ತು ಡಿಗ್ರಿ ಏರಿದರೆ ವೇಗ ಹೆಚ್ಚುಕಮ್ಮಿ ಎರಡು ಪಟ್ಟು ಅನ್ನುವುದು ಒಂದು ಅಂದಾಜಿನ ಲೆಕ್ಕ. 25 ಡಿಗ್ರಿಯ ರೂಮಿಗೂ 45 ಡಿಗ್ರಿಯ ಶೀಟ್ ರೂಮಿಗೂ ಈ ಲೆಕ್ಕದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ.

ಎರಡನೆಯದು ಬಿಸಿಲು. ಟೈರ್ ಕಪ್ಪಗಿರುವುದು ಅದರಲ್ಲಿ ಬೆರೆಸಿದ ಕಾರ್ಬನ್ ಪುಡಿಯಿಂದ. ಅದು ಬಿಸಿಲಿನ ಏಟನ್ನು ಸಾಕಷ್ಟು ತಡೆಯುತ್ತದೆ. ಆದರೂ ದಿನವೂ ಬಿಸಿಲು ಬಿದ್ದರೆ ಮೇಲ್ಮೈ ಒಣಗುತ್ತದೆ.

ಮೂರನೆಯದು ಓಜೋನ್. ಇದು ಹೆಚ್ಚಿನವರಿಗೆ ಗೊತ್ತಿಲ್ಲದ ಶತ್ರು. ಗಾಳಿಯಲ್ಲಿ ಇದು ಸದಾ ಸ್ವಲ್ಪ ಇರುತ್ತದೆ. ವೆಲ್ಡಿಂಗ್, ಕಿಡಿ ಹಾರುವ ಮೋಟರ್, ಹಳೆ ಜೆರಾಕ್ಸ್ ಮಷಿನ್ ಹತ್ತಿರ ಜಾಸ್ತಿ ಇರುತ್ತದೆ. ಎಳೆತದಲ್ಲಿರುವ ರಬ್ಬರನ್ನು ಓಜೋನ್ ಕತ್ತರಿಸುತ್ತದೆ. ಸಡಿಲವಾಗಿ ಬಿಟ್ಟ ರಬ್ಬರಿಗೆ ಅಷ್ಟು ಏನೂ ಮಾಡುವುದಿಲ್ಲ. ನನ್ನ ಟೈರಿನಲ್ಲಿ ಬಿರುಕು ಬಂದಿದ್ದು ಮೊಳೆ ಇದ್ದ ಕಡೆಯೇ ಯಾಕೆ ಅಂತ ಇದರಿಂದ ಗೊತ್ತಾಯಿತು. ಅಲ್ಲಿ ಟೈರ್ ಬಾಗಿ, ಹೊರಮೈ ಎಳೆದುಕೊಂಡಿತ್ತು.

ಕಂಪನಿಯವರು ಇದಕ್ಕೆ ಮದ್ದನ್ನು ರಬ್ಬರಿನ ಒಳಗೇ ಬೆರೆಸಿರುತ್ತಾರೆ. ಮೇಣ, ಜೊತೆಗೆ ಓಜೋನ್ ತಡೆಯುವ ರಾಸಾಯನಿಕ. ಅವು ನಿಧಾನಕ್ಕೆ ಹೊರಗೆ ಬಂದು ಟೈರಿನ ಮೇಲೆ ತೆಳು ಪದರ ಕಟ್ಟುತ್ತವೆ. ಇಟ್ಟ ಟೈರ್ ಸ್ವಲ್ಪ ಕಂದು ಬಣ್ಣಕ್ಕೆ ತಿರುಗುವುದು ಇದರಿಂದಲೇ. ಕೊಳೆ ಅಂತ ಸೋಪು ಹಾಕಿ ಉಜ್ಜಬೇಡಿ. ಹೊಳೆಯಲಿ ಅಂತ ಟೈರ್ ಪಾಲಿಶ್ ಹಚ್ಚುವುದೂ ಬೇಡ. ಅದು ಕಾವಲಿಗೆ ಇರುವ ಪದರ.

ಇನ್ನುಳಿದಿದ್ದು ಎಣ್ಣೆ, ಪೆಟ್ರೋಲ್, ಗ್ರೀಸ್, ಥಿನ್ನರ್. ಇವು ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಟೆರೇಸ್ ಮೇಲಿನ ಶೀಟ್ ರೂಮು

ಬೇಡವಾದದ್ದನ್ನೆಲ್ಲ ಹಾಕುವ ಜಾಗ ಇದು. ಹಳೆ ಪೇಂಟ್ ಡಬ್ಬ, ಮುರಿದ ಕುರ್ಚಿ, ದೀಪಾವಳಿ ಲೈಟ್, ಗಣಪತಿ ಮಂಟಪದ ಕೋಲು. ಟೈರ್ ಕೂಡ ಅಲ್ಲಿಗೇ ಹೋಗುತ್ತದೆ. ಜಾಗ ಇದೆ, ಯಾರ ಕಾಲಿಗೂ ಅಡ್ಡ ಬರುವುದಿಲ್ಲ, ಮನೆಯಲ್ಲಿ ಯಾರೂ ಗೊಣಗುವುದಿಲ್ಲ. ಇದಕ್ಕಿರುವ ಅನುಕೂಲ ಇಷ್ಟೇ.

ಏಪ್ರಿಲ್ ಮಧ್ಯಾಹ್ನ ಆ ಬಾಗಿಲು ತೆಗೆದರೆ ಮುಖಕ್ಕೆ ಒಲೆಯ ಮುಂದೆ ಕೂತಂಥ ಬಿಸಿ ಹೊಡೆಯುತ್ತದೆ. ಬೆಂಗಳೂರಲ್ಲೇ ಹೀಗೆ. ರಾಯಚೂರು, ಕಲಬುರಗಿ ಕಡೆ ಹೊರಗೇ 42, 43 ಇರುವಾಗ ಶೀಟಿನ ಕೆಳಗೆ ಎಷ್ಟಿರಬಹುದು ಯೋಚಿಸಿ. ಪೇಂಟ್, ಥಿನ್ನರ್ ಆವಿ ಬೇರೆ. ಬಾಕಿ ಎಲ್ಲ ಜಾಗ ತುಂಬಿದ್ದರೂ ನಾನು ಇದನ್ನು ಆರಿಸುವುದಿಲ್ಲ.

ಶೀಟ್ ಕೂಡ ಇಲ್ಲದೆ ಬಯಲು ಟೆರೇಸಿನಲ್ಲಿ ಟಾರ್ಪಾಲ್ ಮುಚ್ಚಿ ಇಡುವುದು ಇನ್ನೂ ಕೆಟ್ಟದ್ದು. ಇದು ಟೈರಿನ ವಿಷಯ ಮಾತ್ರ ಅಲ್ಲ. ಟೈರಿನ ಒಳಗೆ ಒಂದು ಲೋಟ ಮಳೆನೀರು ನಿಂತರೆ ಸಾಕು, ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅದು ಹೇಳಿ ಮಾಡಿಸಿದ ತೊಟ್ಟಿಲು. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ವಾರ, ಹತ್ತು ದಿನ ಸಾಕು. ಟೈರ್ ಬಗ್ಗಿಸಿ ನೀರು ಚೆಲ್ಲಿದರೂ ಒಳಗೆ ಸ್ವಲ್ಪ ಉಳಿದೇ ಉಳಿಯುತ್ತದೆ, ನೀವೇ ಮಾಡಿ ನೋಡಿ. ಅದರ ಮೊಟ್ಟೆ ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮತ್ತೆ ನೀರು ಬಿದ್ದರೆ ಒಡೆಯುತ್ತದೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೂ ದಂಡ ಹಾಕುವ ನಿಯಮ ತಂದಿತು. ದಂಡದ ಮಾತು ಆಚೆ ಇರಲಿ. ಕೆಳಗಿನ ಮನೆಯ ಮಗುವಿಗೆ ಜ್ವರ ಬಂದರೆ ನಮಗೆ ನಿದ್ದೆ ಬರುತ್ತದಾ? ಟೈರನ್ನು ಮಳೆಗೆ ಬಿಡಲೇಬೇಡಿ. ಹಳೆಯದಾಗಲಿ ಹೊಸದಾಗಲಿ.

ಬಾಲ್ಕನಿ, ಪಾರ್ಕಿಂಗ್

ಬಾಲ್ಕನಿ ಪೂರ್ವಕ್ಕೋ ಪಶ್ಚಿಮಕ್ಕೋ ಇದ್ದರೆ ದಿನಕ್ಕೆ ಎರಡು ಮೂರು ಗಂಟೆ ನೇರ ಬಿಸಿಲು. ವಾಷಿಂಗ್ ಮಷಿನ್ ಕೂಡ ಹೆಚ್ಚಾಗಿ ಅಲ್ಲೇ, ನೀರು ಅಲ್ಲೇ. ಉತ್ತರಕ್ಕಿದ್ದು, ಮಳೆ ಎರಚಲು ಬರದಿದ್ದರೆ ಎರಡು ಮೂರು ತಿಂಗಳಿಗೆ ಪರವಾಗಿಲ್ಲ.

ಅಪಾರ್ಟ್‌ಮೆಂಟಿನ ನೆಲಮಾಳಿಗೆ ಪಾರ್ಕಿಂಗ್ ತಂಪು, ಕತ್ತಲು. ಆ ಲೆಕ್ಕದಲ್ಲಿ ಚೆನ್ನಾಗಿದೆ. ಆದರೆ ಅಲ್ಲಿ ಜನರೇಟರ್ ಇರುತ್ತದೆ, ನೆಲದಲ್ಲಿ ಆಯಿಲ್ ಕಲೆ ಇರುತ್ತದೆ, ಜೋರು ಮಳೆಗೆ ನೀರು ನುಗ್ಗುತ್ತದೆ, ಹೊಸ ಟೈರ್ ಕಣ್ಣಿಗೆ ಬಿದ್ದರೆ ಕೈಗೂ ಬೀಳುತ್ತದೆ. ಬೀಗ ಹಾಕುವ ಸ್ಟೋರ್ ಇದ್ದು, ನೆಲದಿಂದ ಒಂದಡಿ ಮೇಲೆ ಹಲಗೆ ಇದ್ದರೆ ಇಡಬಹುದು. ಬೈಕಿನ ಪಕ್ಕ ಕಂಬಕ್ಕೆ ಚೈನ್ ಹಾಕಿ ಕಟ್ಟುವುದನ್ನು ಮಾತ್ರ ಮಾಡಬೇಡಿ. ಚೈನ್ ಒತ್ತಿದ ಕಡೆ ಟೈರ್ ಬಾಗಿ ನಿಲ್ಲುತ್ತದೆ.

ಮೆಟ್ಟಿಲ ಕೆಳಗೆ

ಸ್ವಂತ ಮನೆ ಇರುವವರಿಗೆ ನನ್ನ ಮೊದಲ ಆಯ್ಕೆ ಇದು. ಮನೆಯ ಒಳಗಿನ ಮೆಟ್ಟಿಲಾದರೆ ಅಲ್ಲಿ ಬಿಸಿಲು ಬರುವುದಿಲ್ಲ, ಗೋಡೆ ತಣ್ಣಗಿರುತ್ತದೆ. ಟೈರ್ ನಿಲ್ಲಿಸಲು ಎತ್ತರ ಸಿಗುತ್ತದೆ. 21 ಇಂಚಿನ ಟೈರ್ ಅಂದರೆ ರಿಮ್ ಅಳತೆ. ಪೂರ್ತಿ ಟೈರ್ ನಿಂತರೆ ಸುಮಾರು 70 ಸೆಂಟಿಮೀಟರ್. ಎರಡೂಕಾಲು ಅಡಿಗಿಂತ ಸ್ವಲ್ಪ ಜಾಸ್ತಿ. ಮೆಟ್ಟಿಲ ಕೆಳಗಿನ ಎತ್ತರದ ಭಾಗದಲ್ಲಿ ಆರಾಮಾಗಿ ಹಿಡಿಸುತ್ತದೆ.

ಒಂದೇ ತೊಂದರೆ. ನಮ್ಮ ಕಡೆ ಯುಪಿಎಸ್ ಬ್ಯಾಟರಿ ಇಡುವುದೂ ಅಲ್ಲೇ! ಚಾರ್ಜ್ ಆಗುವಾಗ ಬಿಸಿ ಬರುತ್ತದೆ, ಆಸಿಡ್ ಆವಿ ಬರುತ್ತದೆ, ನೀರು ತುಂಬುವಾಗ ತುಳುಕುತ್ತದೆ. ಟೈರ್ ತಯಾರಕರು ಬ್ಯಾಟರಿ ಚಾರ್ಜರ್, ಮೋಟರ್ ಹತ್ತಿರ ಇಡಬೇಡಿ ಅಂತಲೇ ಹೇಳುತ್ತಾರೆ. ಜಾಗ ದೊಡ್ಡದಿದ್ದರೆ ಬ್ಯಾಟರಿ ಒಂದು ತುದಿ, ಟೈರ್ ಇನ್ನೊಂದು ತುದಿ. ಚಿಕ್ಕದಿದ್ದರೆ ಬೇರೆ ಕಡೆ ನೋಡಿ.

ಹೊರಗಿನ ಮೆಟ್ಟಿಲ ಕೆಳಗೆ ಆದರೆ ನೆಲದ ತೇವ, ಸಂಪಿನ ಮೋಟರ್, ಬೆಕ್ಕು ನಾಯಿ ಎಲ್ಲ ಇರುತ್ತವೆ. ಮೂರು ಗಂಟೆಯ ಗೋಡೆ ಪರೀಕ್ಷೆ ಮಾಡಿ ನೋಡಿ, ಆಮೇಲೆ ನಿರ್ಧರಿಸಿ.

ಸಜ್ಜ

ಬಾಡಿಗೆ ಮನೆಯಲ್ಲಿ ಸಿಗುವ ಒಂದೇ ಸ್ಟೋರ್ ಅಂದರೆ ಸಜ್ಜ. ಇದರಲ್ಲಿ ಯಾವ ಮಹಡಿ, ಯಾವ ರೂಮು ಅನ್ನುವುದೇ ಮುಖ್ಯ. ನಾನು ಮೊದಲು ಟಾಪ್ ಫ್ಲೋರಿನಲ್ಲಿದ್ದೆ. ಆ ಸಜ್ಜಕ್ಕೂ ಮೇಲಿನ ತಾರಸಿಗೂ ನಡುವೆ ಎರಡಡಿ ಜಾಗ. ರಾತ್ರಿ ಒಂಬತ್ತಕ್ಕೂ ತಾರಸಿ ಮುಟ್ಟಿದರೆ ಬಿಸಿ. ಬಿಸಿ ಗಾಳಿ ಮೇಲೇ ಸೇರುತ್ತದೆ, ಹಾಗಾಗಿ ರೂಮಿನಲ್ಲೇ ಅತಿ ಸೆಕೆಯ ಜಾಗ ಅದು. ಈಗ ಮೊದಲನೇ ಮಹಡಿ, ಮೇಲೆ ಇನ್ನೂ ಎರಡು ಮನೆ. ಇಲ್ಲಿ ಬೆಡ್‌ರೂಮಿನ ಸಜ್ಜ ತಣ್ಣಗೇ ಇರುತ್ತದೆ.

ಅಡುಗೆ ಮನೆಯ ಸಜ್ಜ ಯಾವ ಮಹಡಿಯಲ್ಲಾದರೂ ಬೇಡ. ಒಗ್ಗರಣೆ ಹೊಗೆಯ ಎಣ್ಣೆ ಪಸೆ ಅಲ್ಲೇ ಹೋಗಿ ಕೂರುವುದು. ಸಜ್ಜದಲ್ಲಿ ಎರಡಡಿ ಎತ್ತರವೇ ಇದ್ದರೆ ಟೈರ್ ನಿಲ್ಲುವುದಿಲ್ಲ, ಮಲಗಿಸಬೇಕು. ಮಲಗಿಸಿದ ಮೇಲೆ ಅದರ ಮೇಲೆ ಸೂಟ್‌ಕೇಸ್ ಬರುತ್ತದೆ, ಸೂಟ್‌ಕೇಸಿನ ಮೇಲೆ ಹಳೆ ಹಾಸಿಗೆ ಬರುತ್ತದೆ. ಮೂರು ತಿಂಗಳ ನಂತರ ತೆಗೆದರೆ ಟೈರ್ ದೋಸೆಯಂತೆ ಚಪ್ಪಟೆ. ಮನೆಯವರಿಗೆಲ್ಲ ಹೇಳಿಡಿ, ಇದರ ಮೇಲೆ ಏನೂ ಹೇರಬೇಡಿ ಅಂತ.

ಮಂಚದ ಕೆಳಗೆ

ನನ್ನ ಈಗಿನ ಜಾಗ ಇದೇ. ಮನುಷ್ಯರು ಮಲಗುವ ರೂಮು ಅಂದರೆ ಹೇಗೂ ಮನೆಯ ತಂಪು ಭಾಗ. ನೆಲ ಇನ್ನೂ ತಂಪು. ಮಂಚದ ಕೆಳಗೆ ಬೆಳಕೂ ಕಡಿಮೆ. 120 ಅಗಲದ ಟೈರ್ ಮಲಗಿಸಿದರೆ ಹನ್ನೆರಡು ಸೆಂಟಿಮೀಟರ್ ಎತ್ತರ, ಒಂದು ಗೇಣಿಗಿಂತ ಕಡಿಮೆ. ಎರಡು ಟೈರ್ ಅಕ್ಕಪಕ್ಕ ಸುಲಭವಾಗಿ ಹೋಗುತ್ತವೆ. ವಾರಕ್ಕೊಮ್ಮೆ ಗುಡಿಸುವಾಗ ಹೇಗೂ ಕಣ್ಣಿಗೆ ಬೀಳುತ್ತವೆ, ಆಗಲೇ ತಿರುಗಿಸಿ ಇಡುತ್ತೇನೆ.

ಎರಡು ವಿಷಯ ಗೊತ್ತಿರಲಿ. ಹೊಸ ಟೈರಿಗೆ ವಾಸನೆ ಇರುತ್ತದೆ. ಮೊದಲ ಒಂದೆರಡು ವಾರ ಜೋರು. ನಾನು ತಂದ ಮೊದಲ ರಾತ್ರಿ ಊರಿಂದ ಬಂದಿದ್ದ ಅಮ್ಮ, "ಇದೆಂತ ಮಾರಾಯ, ಗ್ಯಾರೇಜಲ್ಲಿ ಮಲಗಿದ ಹಾಗೆ ಆಗ್ತಿದೆ" ಅಂದರು. ಅವತ್ತು ಹೊರಗಿನ ಪ್ಯಾಸೇಜಿಗೆ ಹಾಕಿ, ಹತ್ತು ದಿನ ಬಿಟ್ಟು ಒಳಗೆ ತಂದೆ. ಮನೆಯಲ್ಲಿ ಉಬ್ಬಸ ಇರುವವರು, ಚಿಕ್ಕ ಮಕ್ಕಳು ಇದ್ದರೆ ಮಲಗುವ ರೂಮಿನಲ್ಲಿ ಇಡಲೇಬೇಡಿ.

ಇನ್ನೊಂದು ನೆಲದ ಕಲೆ. ಟೈರಿನಿಂದ ಬಿಡುವ ಆ ಕಂದು ರಾಸಾಯನಿಕ ಬಿಳಿ ಟೈಲ್ಸ್, ಮಾರ್ಬಲ್ ಮೇಲೆ ಗುಂಡಗೆ ಗುರುತು ಮಾಡುತ್ತದೆ. ಅದು ಹೋಗುವುದಿಲ್ಲ. ಬಾಡಿಗೆ ಮನೆಯಲ್ಲಿ ಅಡ್ವಾನ್ಸ್ ಹಿಂದೆ ಪಡೆಯುವ ದಿನ ಮಾತಿಗೆ ಮಾತು ಬೆಳೆಯುತ್ತದೆ. ಕೆಳಗೆ ದಪ್ಪ ರಟ್ಟೋ ಪ್ಲೈವುಡ್ ತುಂಡೋ ಹಾಕಿ.

ಊರಿನ ಮನೆ, ಅಟ್ಟ, ಕೊಟ್ಟಿಗೆ

ನಮ್ಮ ಊರು ಸಾಗರದ ಕಡೆ. ಹೆಂಚಿನ ಮನೆ, ಮೇಲೆ ಅಟ್ಟ. "ಇಷ್ಟು ದೊಡ್ಡ ಮನೆ ಇದೆ, ಇಲ್ಲಿಟ್ಟು ಹೋಗು" ಅಂತ ಅಪ್ಪ ಹೇಳುತ್ತಾರೆ. ಹೆಂಚು ಶೀಟಿನಷ್ಟು ಕಾಯುವುದಿಲ್ಲ, ಸಂದಿಯಲ್ಲಿ ಗಾಳಿ ಆಡುತ್ತದೆ. ಬಿಸಿ ಬಗ್ಗೆ ಭಯ ಕಡಿಮೆ. ಮಲೆನಾಡು, ಕರಾವಳಿಯ ಮಳೆಗಾಲದ ತೇವ ರಬ್ಬರಿಗೆ ನೇರವಾಗಿ ದೊಡ್ಡ ಹಾನಿ ಮಾಡುವುದಿಲ್ಲ. ಆದರೆ ಟೈರಿನ ಬೀಡ್, ಅಂದರೆ ರಿಮ್ಮಿಗೆ ಕೂರುವ ಅಂಚಿನ ಒಳಗೆ ಉಕ್ಕಿನ ತಂತಿ ಇರುತ್ತದೆ. ಅಲ್ಲಿ ರಬ್ಬರ್ ಕಿತ್ತಿದ್ದರೆ ತುಕ್ಕು ಶುರು. ಒಳಗೆ ಬೂಷ್ಟು ಹಿಡಿಯುವುದಂತೂ ಇದ್ದದ್ದೇ. ಒಣ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ಅಟ್ಟದಲ್ಲಿ ನಿಜವಾದ ಕಾಟ ಇಲಿಯದ್ದು. ಬೀಡಿನ ಅಂಚು ಕಡಿದರೆ ಟ್ಯೂಬ್‌ಲೆಸ್ ಟೈರ್ ಗಾಳಿ ಹಿಡಿಯುವುದಿಲ್ಲ, ಮುಗಿಯಿತು. ಕಣಜದ ಹುಳ ಕೂಡ. ನಾನು ಒಮ್ಮೆ ತೆಗೆದ ಟೈರಿನ ಒಳಗೆ ಬೆರಳುದ್ದದ ಮಣ್ಣಿನ ಗೂಡು ಸಿಕ್ಕಿತು. ಕಲ್ಲಿನಷ್ಟು ಗಟ್ಟಿ. ನೋಡದೆ ಟ್ಯೂಬ್ ಹಾಕಿದ್ದರೆ ಅದು ಒಳಗಿನಿಂದ ಉಜ್ಜಿ ಉಜ್ಜಿ ಟ್ಯೂಬ್ ತೂತು ಮಾಡುತ್ತಿತ್ತು.

ಅಡಿಕೆ ತೋಟದವರಿಗೆ ಒಂದು ಮಾತು ವಿಶೇಷವಾಗಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತ ತಂದಿಟ್ಟಿರುತ್ತೀರಿ. ಮೈಲುತುತ್ತದಲ್ಲಿ ಇರುವುದು ತಾಮ್ರ. ತಾಮ್ರದ ಅಂಶ ತಾಗಿದರೆ ರಬ್ಬರ್, ಅದರಲ್ಲೂ ಸಹಜ ರಬ್ಬರ್, ಬೇಗ ಹಳಸುತ್ತದೆ. ಸ್ಪ್ರೇ ಸಾಮಾನು, ಸುಣ್ಣ, ಮೈಲುತುತ್ತ ಇರುವ ಕೋಣೆಯಲ್ಲಿ ಟೈರ್, ಟ್ಯೂಬ್ ಎರಡೂ ಬೇಡ. ಅಪ್ಪನಿಗೆ ಇದನ್ನು ಹೇಳಿದ ಮೇಲೆ ಅವರ ಹಳೆ ಬೈಕಿನ ಸ್ಪೇರ್ ಟ್ಯೂಬೂ ಆ ಕೋಣೆಯಿಂದ ಹೊರಬಂತು.

ನಿಲ್ಲಿಸುವುದೋ, ಮಲಗಿಸುವುದೋ, ನೇತುಹಾಕುವುದೋ

ರಿಮ್ ಇಲ್ಲದ ಬರಿ ಟೈರ್ ಆದರೆ ನಿಲ್ಲಿಸುವುದು ಒಳ್ಳೆಯದು. ತಿಂಗಳಿಗೊಮ್ಮೆ ಕಾಲು ಸುತ್ತು ತಿರುಗಿಸಿ, ಒಂದೇ ಕಡೆ ಭಾರ ಬೀಳದಿರಲಿ. ಗೋಡೆಗೆ ಒರಗಿಸುವಾಗ ತೀರಾ ಓರೆ ಮಾಡಬೇಡಿ.

ಜಾಗ ಇಲ್ಲದಿದ್ದರೆ ಮಲಗಿಸಬಹುದು. ಕೆಲವು ತಿಂಗಳ ಮಟ್ಟಿಗೆ ಏನೂ ಆಗುವುದಿಲ್ಲ. ಒಂದರ ಮೇಲೊಂದು ಎರಡೇ ಇರಲಿ. ದಪ್ಪದ್ದು ಕೆಳಗೆ. ತಿಂಗಳಿಗೊಮ್ಮೆ ಕೆಳಗಿನದು ಮೇಲೆ ಮಾಡಿ. ಅಂಗಡಿಯಲ್ಲಿ ಹತ್ತು ಹತ್ತು ಪೇರಿಸಿರುತ್ತಾರಲ್ಲ ಅನ್ನಬಹುದು. ಅವರ ಮಾಲು ವಾರದಲ್ಲಿ ಖಾಲಿಯಾಗುತ್ತದೆ.

ರಿಮ್ ಇಲ್ಲದ ಟೈರನ್ನು ನೇತುಹಾಕುವುದು ತಪ್ಪು. ಮೊಳೆ, ಕೊಕ್ಕೆ, ತೆಳು ಪೈಪ್, ಯಾವುದಕ್ಕೂ ಬೇಡ. ನನ್ನ ಟೈರಿನ ಕತೆ ಮೊದಲೇ ಹೇಳಿದೆ. ಗೆಳೆಯನೊಬ್ಬನ ಟ್ಯೂಬ್‌ಲೆಸ್ ಟೈರ್ ಬಿರುಕು ಬಿಟ್ಟಿರಲಿಲ್ಲ, ಆದರೆ ಮೊಳೆಗೆ ನೇತಾಡಿ ನೇತಾಡಿ ಮೊಟ್ಟೆಯಾಕಾರಕ್ಕೆ ಬಂದಿತ್ತು. ಎರಡೂ ಬೀಡ್ ಒಂದಕ್ಕೊಂದು ಅಂಟಿಕೊಂಡಿದ್ದವು. ರಿಮ್ಮಿಗೆ ಹಾಕಿ ಗಾಳಿ ಹೊಡೆದರೆ ಒಂದು ಕಡೆಯಿಂದ ಬುಸ್ಸೆಂದು ಹೊರಗೆ ಹೋಗುತ್ತಿತ್ತು. ಟ್ಯೂಬ್‌ಲೆಸ್ ಟೈರಿಗೆ ಬೀಡ್ ರಿಮ್ಮಿಗೆ ಕಚ್ಚಿದರೆ ಮಾತ್ರ ಗಾಳಿ ನಿಲ್ಲುವುದು. ಹೀಗೆ ಮುದುಡಿದ್ದರೆ ನಡುವೆ ಎರಡು ಮೂರು ಕಡೆ ಮರದ ತುಂಡು ಅಡ್ಡ ಕೊಟ್ಟು, ಎಳೆ ಬಿಸಿಲಲ್ಲಿ ಒಂದೆರಡು ಗಂಟೆ ಬಿಟ್ಟರೆ ಮೆತ್ತಗಾಗಿ ಆಕಾರಕ್ಕೆ ಬರುತ್ತದೆ. ಅವನದ್ದೂ ಹಾಗೇ ಸರಿಹೋಯಿತು.

ರಿಮ್ ಸಮೇತ ಇರುವ ಚಕ್ರಕ್ಕೆ ಲೆಕ್ಕ ಬೇರೆ. ಆಕಾರವನ್ನು ರಿಮ್ಮೇ ಹಿಡಿದಿರುತ್ತದೆ. ಗಾಳಿ ಸ್ವಲ್ಪ ಕಡಿಮೆ ಮಾಡಿ ಮಲಗಿಸಿ. ರಿಮ್ಮಿಗೆ ಕೊಕ್ಕೆ ಹಾಕಿ ನೇತುಹಾಕಲೂಬಹುದು, ಭಾರ ರಿಮ್ಮಿನ ಮೇಲೆ ಬೀಳುತ್ತದೆ.

ಸುತ್ತುವುದಕ್ಕೆ ಏನು

ದಪ್ಪ ಕಪ್ಪು ಕಸದ ಚೀಲ ನನ್ನ ಆಯ್ಕೆ. ಒಳಗಿನ ಗಾಳಿ ಹೊರಗೆ ಒತ್ತಿ, ಬಾಯಿ ಗಟ್ಟಿಯಾಗಿ ಕಟ್ಟಿ. ಬೆಳಕು, ಓಜೋನ್ ಎರಡೂ ಕಡಿಮೆ ತಾಗುತ್ತವೆ, ರೂಮಿನಲ್ಲಿ ವಾಸನೆಯೂ ಕಡಿಮೆ. ಒಂದೇ ಷರತ್ತು, ಟೈರ್ ಪೂರ್ತಿ ಒಣಗಿರಬೇಕು. ಮಂಗಳೂರು, ಕುಂದಾಪುರದವರು ಜುಲೈಯಲ್ಲಿ ತಂದು ಹಾಗೇ ಕಟ್ಟಿಬಿಟ್ಟರೆ ಒಳಗೆ ಬೂಷ್ಟು ಖಂಡಿತ. ಒಂದು ರಾತ್ರಿ ಫ್ಯಾನ್ ಕೆಳಗೆ ಇಟ್ಟು ಆಮೇಲೆ ಕಟ್ಟಿ. ಇದೇ ಕಪ್ಪು ಚೀಲ ಬಿಸಿಲಿಗೆ ಬಿದ್ದರೆ ಬಿಸಿಯನ್ನು ಎಳೆದುಕೊಂಡು ಟೈರನ್ನು ಬೇಯಿಸುತ್ತದೆ. ಅದು ಒಳಾಂಗಣಕ್ಕೆ ಮಾತ್ರ.

ಹಳೆ ಬೆಡ್‌ಶೀಟ್, ಪಂಚೆ, ಗೋಣಿಚೀಲ ಧೂಳು ತಡೆಯುತ್ತವೆ, ಬೆಳಕು ತಡೆಯುತ್ತವೆ. ಆರು ತಿಂಗಳಿಗೆ ಅಷ್ಟು ಸಾಕು. ಗೋಣಿಚೀಲದಲ್ಲಿ ಮೊದಲು ಏನಿತ್ತು ಅಂತ ನೋಡಿಕೊಳ್ಳಿ. ಹಿಂಡಿ, ಅಕ್ಕಿ ಇದ್ದ ಚೀಲಕ್ಕೆ ಇಲಿ ಬರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ ಕಿಟಕಿ ಪಕ್ಕ ಇಡುವುದರಿಂದ ಲಾಭ ಏನೂ ಇಲ್ಲ.

ಟ್ಯೂಬನ್ನು ಟೈರಿನ ಒಳಗೆ ಮಡಚಿ ತುರುಕಬೇಡಿ. ಮಡಿಕೆ ಬಿದ್ದ ಕಡೆಯೇ ಮುಂದೆ ಸೀಳುತ್ತದೆ. ಡಬ್ಬದಲ್ಲಿ ಬಂದದ್ದು ಡಬ್ಬದಲ್ಲೇ ಇರಲಿ. ತೆರೆದಿದ್ದರೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಸವರಿ, ಸಡಿಲವಾಗಿ ಸುತ್ತಿ, ಬೇರೆ ಕವರಿನಲ್ಲಿಡಿ.

ಮನೆಗೆ ತರಲೇಬೇಕಾ, ಅಂಗಡಿಯಲ್ಲೇ ಇರಲಿ ಅನ್ನೋಣವಾ

ಇದೂ ಒಂದು ಆಯ್ಕೆ, ಮರೆಯಬಾರದು. ನಿಮ್ಮದು 18 ಇಂಚಿನ ಮಾಮೂಲಿ ಅಳತೆಯಾಗಿದ್ದು, ಊರಲ್ಲೇ ನಾಲ್ಕು ಅಂಗಡಿ ಇದ್ದರೆ ತಂದಿಟ್ಟುಕೊಳ್ಳುವ ಅಗತ್ಯವೇ ಇಲ್ಲ. ಬೇಕಾದ ದಿನ ಹೋಗಿ ಹಾಕಿಸಿ. ಅಪರೂಪದ ಅಳತೆ ಆದರೆ, ಪರಿಚಯದ ಅಂಗಡಿಗೆ ಅಡ್ವಾನ್ಸ್ ಕೊಟ್ಟು "ಮುಂದಿನ ತಿಂಗಳು ತರಿಸಿಡಿ" ಅನ್ನಬಹುದು. ಆದರೆ ಅಂಗಡಿ ಮುಂದೆ ಬಿಸಿಲಲ್ಲಿ ಜೋಡಿಸಿಟ್ಟಿರುತ್ತಾರಲ್ಲ, ಆ ಸಾಲಿನಿಂದ ತೆಗೆದುಕೊಳ್ಳಬೇಡಿ. ಒಳಗಿನ ಗೋಡೌನಿನದು ಕೇಳಿ. ನಾಚಿಕೆ ಏನೂ ಬೇಡ, ದುಡ್ಡು ನಿಮ್ಮದು.

ಎಲ್ಲಿ ಕೊಂಡರೂ ತಾರೀಖು ನೋಡಿ. ಟೈರಿನ ಸೈಡಿನಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2324 ಅಂದರೆ 2024ರ 23ನೇ ವಾರ, ಜೂನ್ ಮೊದಲ ಭಾಗ. ಕೆಲವು ಟೈರಿನಲ್ಲಿ ಇದು ಒಂದೇ ಬದಿಗೆ ಇರುತ್ತದೆ, ತಿರುಗಿಸಿ ನೋಡಬೇಕು. ಕಪ್ಪಿನ ಮೇಲೆ ಕಪ್ಪು ಅಕ್ಷರ, ಬರಿಗಣ್ಣಿಗೆ ಕಾಣುವುದಿಲ್ಲ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ನೆರಳು ಬಿದ್ದು ಎದ್ದು ಕಾಣುತ್ತದೆ. ನಾನು ಅಲ್ಲೇ ಫೋಟೋ ತೆಗೆದು, ಬಿಲ್ಲಿನ ಫೋಟೋ ಜೊತೆ ಇಡುತ್ತೇನೆ. ವಾರಂಟಿ ಯಾವ ದಿನದಿಂದ ಎಣಿಸುತ್ತಾರೆ ಅಂತಲೂ ಆಗಲೇ ಕೇಳಿಬಿಡಿ.

ಎಷ್ಟು ದಿನ ಇಡಬಹುದು? ತಂಪಾಗಿ, ಕತ್ತಲಲ್ಲಿ ಇಟ್ಟ ಟೈರ್ ಒಂದೆರಡು ವರ್ಷಕ್ಕೆ ಹಾಳಾಗುವುದಿಲ್ಲ. ಮಿಶೆಲಿನ್ ಕಂಪನಿ ಹೇಳುವ ಪ್ರಕಾರ, ಬಳಕೆಗೆ ಬಂದು 5 ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ತಯಾರಾಗಿ 10 ವರ್ಷ ಆದರೆ ನೋಡಲು ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಬೇಕು. ಗಮನಿಸಿ, ಈ ಹತ್ತರ ಲೆಕ್ಕದಲ್ಲಿ ಮಂಚದ ಕೆಳಗೆ ಕಳೆದ ದಿನವೂ ಸೇರುತ್ತದೆ. ಅದು ಕಾರುಗಳನ್ನೂ ಸೇರಿಸಿ ಹೇಳಿದ ಹೊರಗಿನ ಗೆರೆ. ಎರಡು ಚಕ್ರದ ಮೇಲೆ ಹೋಗುವವನು ಅಲ್ಲಿಯವರೆಗೆ ಕಾಯಬಾರದು ಅನ್ನುವುದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವಾಗ ನೆಲ ಹಿಡಿದಿರುವುದು ಅಂಗೈಯಷ್ಟು ರಬ್ಬರ್ ಮಾತ್ರ. ಗಡುಸಾದ ರಬ್ಬರ್ ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ನಾನು ಆರು ತಿಂಗಳಲ್ಲಿ ಹಾಕಿಸುವ ಹಾಗಿದ್ದರೆ ಮಾತ್ರ ಕೊಳ್ಳುತ್ತೇನೆ. ಆಫರ್ ಇದೆ ಅಂತ ಎರಡು ವರ್ಷದ ಟೈರ್ ಒಟ್ಟಿಗೆ ತರುವುದಿಲ್ಲ.

ಹಾಕಿಸುವ ಹಿಂದಿನ ದಿನ ಟೈರನ್ನು ಹೊರಗೆ ತೆಗೆದು, ಒಳಗೆ ಕೈಹಾಕಿ ಸುತ್ತಲೂ ಸವರಿ ನೋಡಿ. ಕಲ್ಲು, ಗೂಡು, ತೇವ ಏನೂ ಇರಬಾರದು. ಸೈಡನ್ನು ಅಲ್ಲಲ್ಲಿ ಬಾಗಿಸಿ ಬಿರುಕು ಹುಡುಕಿ. ಬೀಡಿನ ಅಂಚಿನ ಮೇಲೆ ಉಗುರು ಎಳೆದು ನೋಡಿ, ಎಲ್ಲೂ ಕಿತ್ತಿರಬಾರದು. ಅಂಗಡಿಯಲ್ಲಿ ಹಾಕುವಾಗ ಪಕ್ಕದಲ್ಲೇ ನಿಂತು ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗೇ ಇದೆಯಾ ನೋಡಿಕೊಳ್ಳಿ, ಅವಸರದಲ್ಲಿ ತಿರುಗುಮುರುಗು ಆಗುವುದುಂಟು. ಆಮೇಲೆ ಮೊದಲ ನೂರೈವತ್ತು ಕಿಲೋಮೀಟರ್ ನಿಧಾನ. ಹೊಸ ಟೈರಿನ ಮೈ ಜಾರುತ್ತದೆ, ತಿರುವಿನಲ್ಲಿ ಬೈಕ್ ಜಾಸ್ತಿ ವಾಲಿಸಬೇಡಿ, ಬ್ರೇಕ್ ಸ್ವಲ್ಪ ಮುಂಚೆಯೇ ಹಿಡಿಯಿರಿ.